ಕ್ಲಾಸಿನಲ್ಲಿ ಪ್ರಶ್ನೆ ಕೇಳೋಕೆ ಬಾಯಿಯೇ ಬರಲ್ಲ. ನಿಮಗೂ ಹೀಗಾಗಿತ್ತಾ?

ಕರೆಂಟ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಮೊದಲನೇ ವರ್ಷ, ಎಲೆಕ್ಟ್ರಿಕಲ್. ಊರು ಶಿರಸಿ ಹತ್ತಿರದ ಒಂದು ಹಳ್ಳಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ವಿಜ್ಞಾನ ಅಂದರೆ ನನಗೆ ಜೀವ. ಎಸ್ಸೆಸ್ಸೆಲ್ಸಿಯಲ್ಲಿ ಅಂಕವೂ ಚೆನ್ನಾಗಿ ಬಂತು. ಮನೆಯಲ್ಲಿ ಒಪ್ಪಿಸಿ ಈ ಬ್ರಾಂಚ್ ತಗೊಂಡೆ.

ಮೊದಲ ವಾರ ಒಂದು ಪ್ರಶ್ನೆ ಕೇಳಿದ್ದೆ. "ಸರ್, ರೆಸಿಸ್ಟೆನ್ಸ್ ಅಂದರೆ ನಾವು ರೋಧ ಅಂತ ಓದಿದ್ದೆವಲ್ಲ, ಅದೇನಾ?" ಅಂತ. ಹಿಂದಿನ ಬೆಂಚಿನಿಂದ ಯಾರೋ "ರೋಓಓಧ" ಅಂತ ಎಳೆದರು. ಇಡೀ ಕ್ಲಾಸ್ ನಕ್ಕಿತು. ಸರ್ ಕೂಡ ಸ್ವಲ್ಪ ನಕ್ಕು "ಇದು ಹೈಸ್ಕೂಲ್ ಅಲ್ಲಮ್ಮಾ" ಅಂದು ಮುಂದಕ್ಕೆ ಹೋದರು. ಅವತ್ತಿನಿಂದ ಎರಡು ತಿಂಗಳು, ನಾನು ಬಾಯಿ ಬಿಟ್ಟಿಲ್ಲ.

ಹೋದ ಮಂಗಳವಾರ ಸರ್ ಎರಡು ರೆಸಿಸ್ಟರ್‌ಗಳನ್ನು (ಕರೆಂಟಿಗೆ ಅಡ್ಡಿ ಮಾಡೋ ಭಾಗ) ಪ್ಯಾರಲಲ್ ಆಗಿ, ಅಂದರೆ ಪಕ್ಕಪಕ್ಕ ಜೋಡಿಸಿ ಬರೆದು "ರೆಸಿಪ್ರೋಕಲ್ ತಗೊಂಡು ಕೂಡಿಸಿ, ಆಮೇಲೆ ಮತ್ತೆ ರೆಸಿಪ್ರೋಕಲ್ ತಗೊಳ್ಳಿ" ಅಂದರು. ಆ ಪದ ನನಗೆ ಗೊತ್ತಿರಲಿಲ್ಲ. ಪಕ್ಕದವಳ ನೋಟ್ಸ್ ನೋಡಿ ಬರೆದುಕೊಂಡೆ. ರಾತ್ರಿ ಹಾಸ್ಟೆಲ್‌ನಲ್ಲಿ ಹುಡುಕಿದರೆ ಅದು ವ್ಯುತ್ಕ್ರಮ, 3 ಇದ್ದದ್ದನ್ನು 1/3 ಮಾಡೋದು! ಹೈಸ್ಕೂಲಿಗೆ ಬರೋ ಮೊದಲೇ ಮಾಡಿದ ಲೆಕ್ಕ. ಅಳು ಬಂದುಬಿಟ್ಟಿತು. ಗೊತ್ತಿದ್ದದ್ದೇ ಗೊತ್ತಿಲ್ಲದವಳ ಹಾಗೆ ಕೂತಿದ್ದೆ.

ಇನ್ನೊಂದು ನಿಜವಾದ ಪ್ರಶ್ನೆ ಇದೆ. 6 ಓಮ್ ಜೊತೆ 3 ಓಮ್ ಪ್ಯಾರಲಲ್ ಹಾಕಿದರೆ ಒಟ್ಟು 2 ಓಮ್. ಲೆಕ್ಕ ಬರುತ್ತದೆ. ಆದರೆ ಅಡ್ಡ ಹಾಕೋದು ಇನ್ನೊಂದು ಸೇರಿದ ಮೇಲೆ ಅಡ್ಡಿ ಕಮ್ಮಿ ಆಗೋದು ಹೇಗೆ? ಇದನ್ನು ಕೇಳಬೇಕು ಅಂತ ಎದ್ದೇಳೋ ಹೊತ್ತಿಗೆ ಎದೆ ಡವಡವ ಅನ್ನುತ್ತದೆ, ನಾಲಿಗೆ ಒಣಗುತ್ತದೆ. ವಾಕ್ಯವನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಸರ್ ಬೋರ್ಡ್ ಒರೆಸಿರುತ್ತಾರೆ.

ಈ ಭಯ ಹೋಗೋಕೆ ನೀವೆಲ್ಲ ಏನು ಮಾಡಿದಿರಿ?

ದಾವಣಗೆರೆ ಬೆಣ್ಣೆ

ಧೈರ್ಯ ಮಾಡಿ ಕೇಳಿಬಿಡು ತಂಗಿ. ಏನಾಗುತ್ತದೆ? ಎರಡು ದಿನ ನಗುತ್ತಾರೆ, ಮೂರನೇ ದಿನ ಮರೆಯುತ್ತಾರೆ.

ಎರಡನೇ ಬೆಂಚು

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ನಾನು ಒಪ್ಪಲ್ಲ. "ಧೈರ್ಯ ಮಾಡು" ಅಂತ ಹೇಳೋದು ಸುಲಭ. ಅವಳು ಧೈರ್ಯ ಮಾಡಿದ್ದಳು. ಮೊದಲ ವಾರವೇ ಕೇಳಿದ್ದಳು. ನಕ್ಕು ಸುಮ್ಮನಾಗಿಸಿದ್ದು ಕ್ಲಾಸು.

ಚಿಕ್ಕಂದಿನಿಂದ ನಮಗೆ ಬೀಳೋ ಬೈಗುಳ ನೋಡಿ. ಮಗು ಎರಡು ಪ್ರಶ್ನೆ ಕೇಳಿದರೆ "ಅಧಿಕಪ್ರಸಂಗಿ". ಮೂರನೆಯದಕ್ಕೆ "ತಲೆಹರಟೆ". ದೊಡ್ಡವರ ಮಾತಿನ ಮಧ್ಯೆ ಕೇಳಿದರೆ "ಎದುರು ಮಾತು". ಹುಡುಗಿಯಾದರೆ ಇನ್ನೂ ಜಾಸ್ತಿ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಗಾದೆಯೇ ಇದೆ. ನಮ್ಮೂರ ಕೇರಿಯಿಂದ ಮೊದಲ ಸಲ ಕಾಲೇಜಿಗೆ ಹೋದವನು ನಾನು. ನಾನು ಕೇಳೋ ಪ್ರಶ್ನೆ ನನ್ನೊಬ್ಬನದ್ದಾಗಿರುತ್ತಿರಲಿಲ್ಲ. ತಪ್ಪಾದರೆ "ಇವರೆಲ್ಲ ಹೀಗೇ" ಅನ್ನುತ್ತಿದ್ದರು. ಆ ಭಾರ ಹೊತ್ತುಕೊಂಡು ಕೈ ಎತ್ತೋದು ಎಲ್ಲರಿಗೂ ಒಂದೇ ಥರ ಇರಲ್ಲ.

ತಂಗಿ, ನಿನ್ನ ಭಯ ನಿನ್ನೊಳಗೆ ಹುಟ್ಟಿದ್ದಲ್ಲ. ಅದನ್ನು ಹೊರಗಿನಿಂದ ಹಾಕಿದ್ದು. ಇಷ್ಟು ತಿಳಿದರೆ ಅರ್ಧ ಹಗುರ ಆಗುತ್ತದೆ. ನನಗೆ ಆಗಿತ್ತು.

ದಾವಣಗೆರೆ ಬೆಣ್ಣೆ

ಸರಿ ತಮ್ಮ. ನಾನು ಅಷ್ಟು ಯೋಚಿಸಿ ಬರೆದಿರಲಿಲ್ಲ. ನೀನು ಹೇಳಿದ್ದು ನಿಜ.

ನಿವೃತ್ತ ವಿಜ್ಞಾನ ಮೇಷ್ಟ್ರು

ಮಗಳೇ, ಚಿಕ್ಕಮಗಳೂರು ಕಡೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕಿಂತ ಜಾಸ್ತಿ ಪಾಠ ಮಾಡಿದವನು ನಾನು. ನಮ್ಮ ಕಡೆಯ ತಪ್ಪನ್ನೂ ಹೇಳಬೇಕು.

ನಾವು ಪಾಠ ಮುಗಿಸಿ "ಅರ್ಥ ಆಯ್ತಾ?" ಅಂತ ಕೇಳುತ್ತೇವೆ. ನಲವತ್ತು ತಲೆಗಳು ಕೋಲೆ ಬಸವನ ಹಾಗೆ ಆಡುತ್ತವೆ. "ಆಯ್ತು ಸಾರ್." ನಾವು ಪುಸ್ತಕ ಮುಚ್ಚುತ್ತೇವೆ. ಆ ಪ್ರಶ್ನೆಗೆ "ಇಲ್ಲ" ಅನ್ನೋಕೆ ಮಗುವಿಗೆ ಎಷ್ಟು ಧೈರ್ಯ ಬೇಕು ಅಂತ ನಾನು ಎಷ್ಟೋ ವರ್ಷ ಯೋಚಿಸಿರಲಿಲ್ಲ.

ಒಂದು ತರಬೇತಿಯಲ್ಲಿ ಮೇರಿ ಬಡ್ ರೋ ಅನ್ನೋ ಅಮೆರಿಕದ ಶಿಕ್ಷಣ ತಜ್ಞೆಯ ಬಗ್ಗೆ ಕೇಳಿದೆ. 1970ರ ದಶಕದಲ್ಲಿ ಅವರು ಕ್ಲಾಸ್‌ರೂಮಿನ ಮಾತುಕತೆಯನ್ನು ರೆಕಾರ್ಡ್ ಮಾಡಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಕಾಯೋದು ಬರೀ ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡ್ ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದ ಮಕ್ಕಳೂ ಮಾತಾಡಿದರು, ತಾವಾಗಿಯೇ ಪ್ರಶ್ನೆ ಕೇಳೋದೂ ಜಾಸ್ತಿಯಾಯಿತು. ನಾನು ಮಾರನೇ ದಿನದಿಂದ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಲು ಶುರು ಮಾಡಿದೆ. ಮೂರು ಸೆಕೆಂಡಿನ ಮೌನ ಎಷ್ಟು ಉದ್ದ ಅಂತ ನಿಂತು ನೋಡಿದವರಿಗೇ ಗೊತ್ತು.

ಜೊತೆಗೆ ಒಂದು ಟೀ ಪುಡಿ ಡಬ್ಬ ಇಟ್ಟೆ. ಹೆಸರು ಹಾಕದೆ ಪ್ರಶ್ನೆ ಬರೆದು ಹಾಕಬಹುದು. ಮೊದಲ ವಾರ ಖಾಲಿ. ಎರಡನೇ ವಾರ ಒಂದು ಚೀಟಿ, ಪೆನ್ಸಿಲಿನಲ್ಲಿ, ನಾಲ್ಕು ಮಡಿಕೆ ಮಾಡಿ ಹಾಕಿದ್ದು. "ಸಾರ್, ಚಂದ್ರ ಹಗಲಲ್ಲೂ ಕಾಣ್ತಾನೆ. ನಾನು ನೋಡಿದೀನಿ. ತಪ್ಪಾ?"

ಆ "ತಪ್ಪಾ" ಅನ್ನೋ ಪದ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಕಣ್ಣಾರೆ ಕಂಡದ್ದನ್ನು ಆ ಮಗು ತಪ್ಪಾ ಅಂತ ಕೇಳಿತ್ತು. ಪುಸ್ತಕದ ಚಿತ್ರದಲ್ಲಿ ಚಂದ್ರ ಯಾವಾಗಲೂ ರಾತ್ರಿಯೇ ಇರುತ್ತಾನಲ್ಲ! ಪಂಚಾಂಗ ನೋಡಿ, ಕೃಷ್ಣಪಕ್ಷದ ಸಪ್ತಮಿಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಇಡೀ ಶಾಲೆಯನ್ನು ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿದೆ. ತೆಂಗಿನ ಮರದ ಮೇಲೆ ಅರ್ಧ ಚಂದ್ರ, ಹತ್ತಿಯ ಹಾಗೆ ಬೆಳ್ಳಗೆ. "ಈ ಪ್ರಶ್ನೆ ಕೇಳಿದವರು ಸರಿಯಾಗಿಯೇ ನೋಡಿದ್ದಾರೆ" ಅಂದೆ. ಯಾರು ಅಂತ ಕೇಳಲಿಲ್ಲ. ಆರನೇ ಸಾಲಿನ ಒಬ್ಬ ಹುಡುಗನ ಮುಖ ಅರಳಿದ್ದು ಕಂಡಿತು. ಆ ವಾರದಿಂದ ಡಬ್ಬ ಖಾಲಿ ಇರಲಿಲ್ಲ.

ನಿಮ್ಮ ಸರ್ ಹತ್ತಿರ ಎಲ್ಲರ ಎದುರು ಕೇಳೋದು ನಿನಗೆ ಕಷ್ಟ ಆದರೆ ಚೀಟಿಯಲ್ಲಿ ಬರೆದು ಕೊಡು ಮಗಳೇ. ಅದೂ ಪ್ರಶ್ನೆಯೇ.

ವಾರ್ಡ್ ಸಿಸ್ಟರ್, ಹುಬ್ಬಳ್ಳಿ

ನಾನು ನರ್ಸ್. ನಮ್ಮಲ್ಲಿ ಕೇಳದೆ ಇದ್ದರೆ ಏನಾಗುತ್ತದೆ ಅಂತ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವಾರ, ರಾತ್ರಿ ಡ್ಯೂಟಿ. ಒಬ್ಬ ಅಜ್ಜನಿಗೆ 20 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಮನೆಯವರು ಹೊರಗಿನಿಂದ ಬಾಟಲಿ ತಂದಿದ್ದರು. ಟ್ರೇಯಲ್ಲಿ ಕೆಂಪು ಮುಚ್ಚಳದ ಸಿರಿಂಜ್ ಇತ್ತು. ಕಾಲೇಜಿನಲ್ಲಿ ಎರಡು ಬಣ್ಣದ ಬಗ್ಗೆ ಹೇಳಿದ್ದು ಮಸುಕಾಗಿ ನೆನಪು. ಸೀನಿಯರ್ ಸಿಸ್ಟರ್ ಇನ್ನೊಂದು ಬೆಡ್ ಹತ್ತಿರ ಓಡಾಡುತ್ತಿದ್ದರು. ಇಷ್ಟು ಸಣ್ಣದು ಕೇಳಿದರೆ "ಏನು ಕಲಿತು ಬಂದೆ?" ಅನ್ನುತ್ತಾರೆ ಅಂತ ಭಯ. ಐದು ನಿಮಿಷ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಕೊನೆಗೆ ಕೇಳಿದೆ: "ಸಿಸ್ಟರ್, ಈ ಬಾಟಲಿಗೆ ಈ ಸಿರಿಂಜೇನಾ?"

ಅವರು ಬಂದು ಲೇಬಲ್ ಓದಿದರು. ಒಂದು ಕ್ಷಣ ಅವರೂ ಸುಮ್ಮನಾದರು. ಬಾಟಲಿ 100ರದ್ದು, ಅಂದರೆ ಒಂದು ಎಂಎಲ್‌ನಲ್ಲಿ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜ್ 40ರದ್ದು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಎಂಎಲ್. ಈ ಬಾಟಲಿಯಿಂದ ಅರ್ಧ ಎಂಎಲ್ ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಶುಗರ್ ಇಳಿದು ಆ ಅಜ್ಜ ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದಿತ್ತು, ಜೀವಕ್ಕೇ ಕುತ್ತು ಬರಬಹುದಿತ್ತು. ಕೇಸರಿ ಮುಚ್ಚಳದ ಸಿರಿಂಜ್ ತಂದುಕೊಟ್ಟು ಸಿಸ್ಟರ್ ನನ್ನ ಭುಜ ತಟ್ಟಿದರು. ಬೈಯಲಿಲ್ಲ.

ಇವತ್ತು ಹೊಸಬರು ಬಂದರೆ ನಾನು ಮೊದಲ ದಿನವೇ ಎರಡೂ ಸಿರಿಂಜ್ ಮೇಜಿನ ಮೇಲೆ ಇಟ್ಟು ತೋರಿಸುತ್ತೇನೆ. "ಒಂದೇ ವಿಷಯ ನೂರು ಸಲ ಕೇಳಿ, ನಾನು ಬೈಯಲ್ಲ" ಅಂತ ಹೇಳಿಬಿಡುತ್ತೇನೆ.

ನಿನಗೆ ಉಪಯೋಗ ಆಗೋ ಒಂದು ಅಭ್ಯಾಸ ಹೇಳಲಾ? ಡಾಕ್ಟರ್ ಫೋನಿನಲ್ಲಿ ಔಷಧಿ ಹೇಳಿದರೆ ನಾವು ಅದನ್ನೇ ಮತ್ತೆ ಅವರಿಗೆ ಓದಿ ಹೇಳುತ್ತೇವೆ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ನೀನೂ ಹಾಗೇ ಮಾಡು. "ಸರ್, ಅಂದರೆ ಕೆಳಗಿರೋದನ್ನು ಮೇಲೆ ಮಾಡೋದು, ಅಲ್ವಾ?" ಅಂತ ಗೊತ್ತಾದಷ್ಟನ್ನು ತಿರುಗಿ ಹೇಳು. ಕೇಳಿದ ಹಾಗೂ ಆಯಿತು, ಮುಜುಗರವೂ ಇಲ್ಲ.

ಗ್ಯಾರೇಜ್ ಮಂಡ್ಯ

ನಮ್ಮ ಗ್ಯಾರೇಜಿನಲ್ಲಿ ಹದಿನೈದು ವರ್ಷದಿಂದ ಹುಡುಗರು ಬಂದು ಕೆಲಸ ಕಲಿಯುತ್ತಾರೆ. ಬಾಯಿ ಬಿಡದ ಹುಡುಗರೇ ಜಾಸ್ತಿ. ಒಬ್ಬನಿಗೆ "ಹನ್ನೆರಡರ ಸ್ಪ್ಯಾನರ್ ಕೊಡೋ" ಅಂದರೆ ಯಾವುದೋ ಒಂದು ತಂದುಕೊಡುತ್ತಿದ್ದ. ಕೇಳುತ್ತಿರಲಿಲ್ಲ. ಹತ್ತರದ್ದಕ್ಕೆ ಹನ್ನೆರಡರದ್ದು ಹಾಕಿ ನಟ್ಟಿನ ಮೂಲೆ ಸವೆಸಿಬಿಟ್ಟಿದ್ದ.

ಅವನಿಗೆ ನಾನು ಹೇಳಿದ್ದು ಇಷ್ಟೇ. "ಏನೂ ಕೇಳಬೇಡ. ಎರಡು ಸ್ಪ್ಯಾನರ್ ಎತ್ತಿ ಹಿಡಿ. ಇದಾ, ಅದಾ ಅನ್ನು." ಒಂದು ವಾರ ಕೈಯಲ್ಲೇ ತೋರಿಸಿದ. ಎರಡನೇ ವಾರ "ಅಣ್ಣ, ಇದಾ?" ಅಂತ ಬಾಯಿ ಬಂತು. ಮೂರು ತಿಂಗಳಾದ ಮೇಲೆ "ಅಣ್ಣ, ಹೆಡ್ ಬೋಲ್ಟನ್ನ ಮಧ್ಯದಿಂದ ಯಾಕೆ ಟೈಟ್ ಮಾಡ್ತೀರಿ, ಅಂಚಿಂದ ಯಾಕೆ ಮಾಡಬಾರದು?" ಅಂತ ಕೇಳಿದ. ಕೈಯಲ್ಲಿದ್ದ ಕೆಲಸ ಬಿಟ್ಟು ಹೇಳಿಕೊಟ್ಟೆ. ಅಂಚಿನಿಂದ ಬಿಗಿ ಮಾಡಿದರೆ ಇಂಜಿನ್ ಹೆಡ್ಡಿನ ಮಧ್ಯ ಉಬ್ಬಿ, ಸೋರದ ಹಾಗೆ ಅದರ ಕೆಳಗೆ ಇಡೋ ಗ್ಯಾಸ್ಕೆಟ್ ಸರಿಯಾಗಿ ಕೂರಲ್ಲ. ಅದನ್ನು ನನ್ನ ಮೇಷ್ಟ್ರು ನನಗೆ ಹೇಳಿರಲಿಲ್ಲ. ಎರಡು ಗ್ಯಾಸ್ಕೆಟ್ ಹಾಳು ಮಾಡಿ ಕಲಿತಿದ್ದೆ.

ಚಿಕ್ಕದರಿಂದ ಶುರು ಮಾಡಮ್ಮ. ಇದಾ, ಅದಾ.

ಕರೆಂಟ್ ಹುಡುಗಿ

ಎಲ್ಲರದ್ದೂ ಓದಿದೆ. ಎರಡನೇ ಬೆಂಚಿನ ಅಣ್ಣ ಬರೆದದ್ದನ್ನು ಮೂರು ಸಲ ಓದಿದೆ. ಸಿಸ್ಟರ್, ನಿಮ್ಮ ಬಾಟಲಿಯ ಕಥೆ ರೂಮಿನವರಿಗೆಲ್ಲ ಹೇಳಿದೆ.

ಆದರೆ ನನ್ನ ದೊಡ್ಡ ತೊಂದರೆ ಪದಗಳದ್ದು. ನನಗೆ ಗೊತ್ತಿರೋದೂ ಇಂಗ್ಲಿಷಿನಲ್ಲಿ ಬಂದಾಗ ಗೊತ್ತಿಲ್ಲದ್ದಾಗುತ್ತದೆ. ಪರ್ಪೆಂಡಿಕ್ಯುಲರ್ ಅಂದಾಗ ಲಂಬ ಅಂತ ಹೊಳೆಯೋಕೆ ಒಂದು ನಿಮಿಷ ಬೇಕು. ಮೊಮೆಂಟಮ್ ಅಂದರೆ ಸಂವೇಗ ಅಂತ ಮೊನ್ನೆ ತಿಳಿಯಿತು. ಒಂದು ಪದದಲ್ಲಿ ಸಿಕ್ಕಿಕೊಂಡರೆ ಮುಂದಿನ ಹತ್ತು ನಿಮಿಷ ತಪ್ಪಿಹೋಗುತ್ತದೆ. ಆಮೇಲೆ ಏನು ಕೇಳಬೇಕು ಅಂತಲೇ ಗೊತ್ತಾಗಲ್ಲ.

ಕೋಡ್ ಬರೆಯೋ ಕೊಪ್ಪದವನು

ತಂಗಿ, ಇದೇ ದಾರಿಯಲ್ಲಿ ಬಂದವನು ನಾನು. ಕನ್ನಡ ಮೀಡಿಯಂ, ಆಮೇಲೆ ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲಿ. ನನ್ನನ್ನು ಉಳಿಸಿದ್ದು ಒಂದು ಸರಳ ಕೆಲಸ.

ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಹತ್ತನೇ ಕ್ಲಾಸಿನ ವಿಜ್ಞಾನ, ಗಣಿತ ಎರಡೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಿಡಿಎಫ್ ಸಿಗುತ್ತದೆ, ದುಡ್ಡಿಲ್ಲದೆ. ಪಾಠ ಒಂದೇ, ಚಿತ್ರ ಒಂದೇ, ಲೆಕ್ಕ ಒಂದೇ. ವಿದ್ಯುಚ್ಛಕ್ತಿ ಪಾಠವನ್ನು ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟುಕೋ. ಕನ್ನಡದ ಸಾಲು ಓದು, ಅದೇ ಸಾಲನ್ನು ಇಂಗ್ಲಿಷಿನಲ್ಲಿ ಹುಡುಕು. ಸಮಾಂತರ ಜೋಡಣೆ ಎದುರಿಗೆ ಪ್ಯಾರಲಲ್ ಕಾಣುತ್ತದೆ, ಸರಣಿ ಎದುರಿಗೆ ಸೀರೀಸ್. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ಕಾಲಂ ಹಾಕಿ ಬರೆದುಕೋ. ನನಗೆ ಎರಡು ತಿಂಗಳಲ್ಲಿ ಮುನ್ನೂರರ ಹತ್ತಿರ ಪದ ಆಗಿದ್ದವು. ಆಮೇಲೆ ಕ್ಲಾಸಿನಲ್ಲಿ ಕಿವಿ ತಾನಾಗಿ ತೆರೆಯಿತು.

ಇನ್ನೊಂದು. ಕ್ಲಾಸಿನಲ್ಲಿ ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡ. ಕಿವಿಗೆ ಕೇಳಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದು ಸುತ್ತ ಒಂದು ವೃತ್ತ ಹಾಕಿ ಮುಂದೆ ಹೋಗು. ವೃತ್ತದಲ್ಲಿರೋದು ಸಂಜೆಗೆ.

ಈಗ ಆಫೀಸಿನಲ್ಲಿ ನಾನು ಯಾರನ್ನಾದರೂ ಏನಾದರೂ ಕೇಳೋ ಮುಂಚೆ ಮೂರು ಸಾಲು ಬರೆಯುತ್ತೇನೆ. ಏನು ಮಾಡಲು ಹೊರಟೆ, ಏನು ಮಾಡಿ ನೋಡಿದೆ, ಎಲ್ಲಿ ನಿಂತೆ. ಎಷ್ಟೋ ಸಲ ಮೂರನೇ ಸಾಲು ಬರೆಯುವಾಗಲೇ ಉತ್ತರ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಆ ಮೂರು ಸಾಲೇ ಪ್ರಶ್ನೆ. "ಅರ್ಥ ಆಗಲಿಲ್ಲ" ಅಂದರೆ ಎದುರಿನವರಿಗೆ ಎಲ್ಲಿಂದ ಹೇಳಬೇಕು ಅಂತ ತಿಳಿಯಲ್ಲ. "ಇಲ್ಲಿಯವರೆಗೆ ಆಯಿತು, ಈ ಸಾಲಿನಲ್ಲಿ ನಿಂತೆ" ಅಂದರೆ ತಿಳಿಯುತ್ತದೆ.

ಸಬ್‌ಸ್ಟೇಷನ್ ರಾತ್ರಿ ಪಾಳಿ

ಎಲ್ಲರೂ ಭಯದ ಬಗ್ಗೆ ಹೇಳಿದರು, ಪಾಪ ಆ ಹುಡುಗಿಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ! ನಾನು ಹೇಳುತ್ತೇನೆ ಮಗಳೇ.

ಕೆರೆ ನೋಡಿದ್ದೀಯಲ್ಲ. ಏರಿಯ ಕೆಳಗೆ ಒಂದು ತೂಬು ಇದೆ. ತೂಬು ಕಿರಿದು, ನೀರು ಕಷ್ಟಪಟ್ಟು ಹೋಗುತ್ತದೆ. ಈಗ ಅದರ ಪಕ್ಕದಲ್ಲಿ ಇನ್ನೊಂದು ತೂಬು ಇಡು. ಅದೂ ಕಿರಿದೇ. ಆದರೆ ಕೆರೆಯಿಂದ ಹೊರಗೆ ಹೋಗೋ ಒಟ್ಟು ನೀರು ಜಾಸ್ತಿ ಆಯಿತಾ, ಕಮ್ಮಿ ಆಯಿತಾ? ಜಾಸ್ತಿ. ಅಂದರೆ ನೀರಿಗೆ ಒಟ್ಟಾರೆ ಅಡ್ಡಿ ಕಮ್ಮಿಯಾಯಿತು. ನೀನು ಸೇರಿಸಿದ್ದು ಅಡ್ಡಿಯನ್ನಲ್ಲ, ಇನ್ನೊಂದು ದಾರಿಯನ್ನು. ದಾರಿ ಇಕ್ಕಟ್ಟಾಗಿದ್ದರೂ ದಾರಿಯೇ.

ಲೆಕ್ಕದಲ್ಲೂ ನೋಡು. 12 ವೋಲ್ಟ್ ಬ್ಯಾಟರಿ ತಗೋ. 6 ಓಮ್ ದಾರಿಯಲ್ಲಿ 2 ಆಂಪಿಯರ್ ಹೋಗುತ್ತದೆ. 3 ಓಮ್ ದಾರಿಯಲ್ಲಿ 4 ಆಂಪಿಯರ್. ಒಟ್ಟು 6. ಹನ್ನೆರಡನ್ನು ಆರರಿಂದ ಭಾಗಿಸಿದರೆ 2 ಓಮ್. ವ್ಯುತ್ಕ್ರಮ ಬೇಡವೇ ಬೇಡ. ಇದೇ ತೂಬುಗಳನ್ನು ಒಂದರ ಹಿಂದೆ ಒಂದು ಇಟ್ಟರೆ? ಆಗ ನೀರು ಎರಡೂ ಇಕ್ಕಟ್ಟಿನಲ್ಲಿ ನುಗ್ಗಬೇಕು. ಅದು ಸರಣಿ.

ನೀನು ಕೇಳಿದ್ದು ದಡ್ಡ ಪ್ರಶ್ನೆ ಅಲ್ಲ. ಸೂತ್ರ ಬಾಯಿಪಾಠ ಮಾಡಿದವರಿಗೆ ಈ ಪ್ರಶ್ನೆ ಹೊಳೆಯೋದೇ ಇಲ್ಲ.

ಬುಧವಾರದ ಬಸವನಗುಡಿ

ಓದುತ್ತಾ ಓದುತ್ತಾ ಎಚ್. ನರಸಿಂಹಯ್ಯನವರ ನೆನಪಾಯಿತು. ನಮ್ಮ ಎಚ್ಚೆನ್. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ. ಓದೋ ಆಸೆಗೆ ನಡೆದುಕೊಂಡೇ ಬೆಂಗಳೂರಿಗೆ ಬಂದವರು. ಭೌತಶಾಸ್ತ್ರ ಓದಿ, ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ, ವಾಪಸ್ ಬಂದು ನ್ಯಾಷನಲ್ ಕಾಲೇಜಿನಲ್ಲೇ ಪಾಠ ಮಾಡಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬುಧವಾರ ಸಂಜೆ ಅಲ್ಲಿ ವಿಜ್ಞಾನದ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು.

ನಾನು ಹೋಗಲು ಶುರು ಮಾಡಿದಾಗ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮೊದಲ ವರ್ಷ ಹಿಂದಿನ ಸಾಲು. ಉಪನ್ಯಾಸ ಮುಗಿದ ಮೇಲೆ ಜನ ಎದ್ದು ಕೇಳೋದನ್ನು ನೋಡುತ್ತಿದ್ದೆ. ಬಿಳಿ ಕೂದಲಿನವರು, ಸ್ಕೂಲ್ ಬ್ಯಾಗ್ ಹಾಕಿಕೊಂಡ ಮಕ್ಕಳು. ಒಬ್ಬರು ಕೇಳಿದ್ದು ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಯೇ ಆಗಿತ್ತು. ಅವರು ಕೇಳಿದರು, ನಾನು ಕೇಳಿರಲಿಲ್ಲ, ಅಷ್ಟೇ ವ್ಯತ್ಯಾಸ. ಮುಂದಿನ ಬುಧವಾರ ಮೂರನೇ ಸಾಲಿಗೆ ಬಂದು ಕೂತೆ. ಜಾಗ ಬದಲಾಯಿಸಿದ್ದೇ ನನ್ನ ಮೊದಲ ಹೆಜ್ಜೆ.

ನೀನು ಎಲ್ಲಿ ಕೂರುತ್ತೀಯ ತಂಗಿ? ಹಿಂದೆ ಕೂತರೆ ನಗುವವರ ಮಧ್ಯೆ ಕೂತ ಹಾಗೆ. ಮುಂದೆ ಬಾ. ನಿನಗೂ ಸರ್‌ಗೂ ಮಧ್ಯೆ ಯಾರೂ ಇಲ್ಲದಿದ್ದರೆ ಪ್ರಶ್ನೆ ಮಾತುಕತೆಯಾಗುತ್ತದೆ.

ಕನ್ನಡ ಮೇಡಂ

ಒಂದು ಸಣ್ಣ ಮಾತು. ನಮ್ಮ ಭಾಷೆಯಲ್ಲಿ ಕಿವಿಗೊಡೋದೂ "ಕೇಳು", ಪ್ರಶ್ನೆ ಹಾಕೋದೂ "ಕೇಳು". ಒಂದೇ ಪದ. "ಪಾಠ ಕೇಳಿದೆಯಾ?" ಅಂದರೆ ಎರಡು ಅರ್ಥವೂ ಬರುತ್ತದೆ. ಶಾಲೆಯಲ್ಲಿ ನಾವು ಒಂದನ್ನು ಮಾತ್ರ ಉಳಿಸಿಕೊಂಡೆವು. "ಸುಮ್ನೆ ಕೇಳು" ಅಂತ ಹೇಳಿ ಹೇಳಿ ಇನ್ನೊಂದನ್ನು ಮರೆಸಿದೆವು.

ಅಜ್ಜಿ ತುಮಕೂರು

ನನಗೆ ಅರವತ್ತೆಂಟು. ಮೊಮ್ಮಗಳು ಈ ಮಾತುಕತೆ ಓದಿ ಹೇಳಿದಳು. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ.

ಕೇಳೋಕೆ ಮುಜುಗರ ಬರೀ ಚಿಕ್ಕವರಿಗಲ್ಲ. ಮೊಬೈಲಿನಲ್ಲಿ ದುಡ್ಡು ಕಳಿಸೋದು ಕಲಿಯುವಾಗ ಮಗನನ್ನು ಎರಡು ಸಲ ಕೇಳಿದೆ. ಮೂರನೇ ಸಲ "ಅಮ್ಮ, ಎಷ್ಟು ಸಲ ಹೇಳೋದು" ಅಂದ. ಅವನಿಗೆ ಕೆಟ್ಟ ಮನಸ್ಸಿಲ್ಲ, ಆಫೀಸಿನ ಅವಸರ. ಆದರೆ ನಾನು ನಾಲ್ಕನೇ ಸಲ ಕೇಳಲಿಲ್ಲ. ಮೊಮ್ಮಗಳು ಹತ್ತಿರ ಕೂತು ಹೇಳಿಕೊಟ್ಟಳು. ಒಂದು ದಿನ ಅವಳನ್ನು ಕೇಳಿದೆ, "ಪುಟ್ಟಿ, ದುಡ್ಡು ನಮಗೆ ಬರಬೇಕಾದರೂ ಈ ಪಿನ್ ಒತ್ತಬೇಕಾ?" ಅಂತ. "ಇಲ್ಲ ಅಜ್ಜಿ, ಕಳಿಸೋಕೆ ಮಾತ್ರ. ಬರೋದಕ್ಕೆ ಏನೂ ಒತ್ತಬೇಡ" ಅಂದಳು.

ಅದಾಗಿ ಸ್ವಲ್ಪ ದಿನಕ್ಕೆ ಹಳೇ ಮಂಚ ಮಾರುವಾಗ ಒಬ್ಬ ಫೋನ್ ಮಾಡಿದ. "ದುಡ್ಡು ಹಾಕಿದ್ದೇನೆ ಅಮ್ಮ, ಬರಬೇಕಾದರೆ ಪಿನ್ ಒತ್ತಿ" ಅಂದ. ನಾನು ಫೋನ್ ಇಟ್ಟುಬಿಟ್ಟೆ. ಆ ಪ್ರಶ್ನೆ ಕೇಳದೆ ಇದ್ದಿದ್ದರೆ ಪಿಂಚಣಿ ದುಡ್ಡು ಹೋಗುತ್ತಿತ್ತು. ಕೇಳೋಕೆ ಒಬ್ಬರು ಸಿಟ್ಟಾಗದವರು ಇರಬೇಕು ಕಂದ. ಅಂಥವರನ್ನು ಒಬ್ಬರನ್ನು ಹುಡುಕಿಕೋ. ಎಲ್ಲರೂ ಬೇಡ, ಒಬ್ಬರು ಸಾಕು.

ಪಾಲಿಟೆಕ್ನಿಕ್ ಲೆಕ್ಚರರ್

ಎರಡು ದಿನದಿಂದ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನಾನು ಆ ಹುಡುಗಿಯ ಕಾಲೇಜಿನವನಲ್ಲ. ಆದರೆ ಆ ಸರ್ ಜಾಗದಲ್ಲಿ ನಾನೂ ನಿಂತಿದ್ದೇನೆ.

ಅರವತ್ತು ಮಕ್ಕಳು, ಮುಗಿಯದ ಪೋರ್ಷನ್. ಅದು ಒಂದು ಕಾರಣ. ಇನ್ನೊಂದು ಕಾರಣ ಹೇಳೋಕೆ ಕಷ್ಟ. ನಮಗೂ ಭಯ. ಹೊಸದಾಗಿ ಸೇರಿದಾಗ ಒಬ್ಬ ಹುಡುಗ "ಸರ್, ನಮ್ಮ ಕರೆಂಟು 50 ಹರ್ಟ್ಸ್ ಯಾಕೆ, ಅಮೆರಿಕದಲ್ಲಿ 60 ಯಾಕೆ?" ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. "ಔಟ್ ಆಫ್ ಸಿಲಬಸ್, ಕೂತ್ಕೋ" ಅಂದೆ. ಅವನು ಕೂತ. ಆ ವರ್ಷ ಮತ್ತೆ ಒಂದು ಪ್ರಶ್ನೆ ಕೇಳಲಿಲ್ಲ. ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಗುತ್ತದೆ ಅನ್ನೋ ಲೆಕ್ಕ. ಆಮೇಲೆ ಓದಿ ತಿಳಿದುಕೊಂಡೆ. ಯುರೋಪಿನಲ್ಲಿ 50 ಬಳಕೆಗೆ ಬಂತು, ಅಮೆರಿಕದಲ್ಲಿ 60, ನಮಗೆ ಬ್ರಿಟಿಷರ ಕಾಲದಿಂದ 50 ಉಳಿಯಿತು. ಪ್ರಕೃತಿಯ ನಿಯಮವೇನೂ ಅಲ್ಲ, ಚರಿತ್ರೆ. ಎಷ್ಟು ಚೆಂದದ ಪಾಠವಾಗುತ್ತಿತ್ತು! ಅವನಿಗೆ ಹೇಳೋಕೆ ಹುಡುಕಿದಾಗ ಅವನು ಕೋರ್ಸ್ ಮುಗಿಸಿ ಹೋಗಿದ್ದ.

ಈಗ ಬೋರ್ಡಿನ ಬಲ ಮೂಲೆಯಲ್ಲಿ ಒಂದು ಚೌಕ ಬರೆದಿರುತ್ತೇನೆ. ನನಗೆ ಗೊತ್ತಿಲ್ಲದ ಪ್ರಶ್ನೆ ಬಂದರೆ ಅಲ್ಲಿ ಬರೆದು "ನಾಳೆ ಹೇಳುತ್ತೇನೆ" ಅನ್ನುತ್ತೇನೆ. ಹೇಳುತ್ತೇನೆ ಕೂಡ. ಮತ್ತೆ, ಪ್ರಶ್ನೆ ಕನ್ನಡದಲ್ಲೇ ಕೇಳಿ ಅಂತ ಮೊದಲ ದಿನವೇ ಹೇಳಿರುತ್ತೇನೆ.

ನಿನ್ನ ಸರ್ ನಕ್ಕಿದ್ದು ತಪ್ಪು. ಆದರೆ ಅವರನ್ನು ಪೂರ್ತಿ ಬಿಡಬೇಡ. ಒಬ್ಬಳೇ ಹೋಗಿ ಸ್ಟಾಫ್ ರೂಮಿನಲ್ಲಿ ಕೇಳಿ ನೋಡು. ಕ್ಲಾಸಿನ ಎದುರು ಇರೋ ಮನುಷ್ಯನೇ ಬೇರೆ, ಟೇಬಲ್ ಎದುರು ಇರೋ ಮನುಷ್ಯನೇ ಬೇರೆ.

ಹೊಸಪೇಟೆ 2007

ಇಷ್ಟೆಲ್ಲ ಯಾಕೆ ಒದ್ದಾಡೋದು? ಈಗ ಎಐ ಇದೆಯಲ್ಲ. ಕನ್ನಡದಲ್ಲೇ ಕೇಳಿದರೆ ಹೇಳುತ್ತದೆ. ನಗೋದೂ ಇಲ್ಲ.

ಕೋಡ್ ಬರೆಯೋ ಕೊಪ್ಪದವನು

ನಾನೂ ಬಳಸುತ್ತೇನೆ. ಪ್ರಶ್ನೆಯನ್ನು ಜೋಡಿಸೋ ಅಭ್ಯಾಸಕ್ಕೆ ಒಳ್ಳೆಯದು. ಆದರೆ ಅದು ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತದೆ, ಪುಸ್ತಕದ ಜೊತೆ ತಾಳೆ ನೋಡಲೇಬೇಕು. ಮತ್ತೆ ನಾಳೆ ಲ್ಯಾಬಿನಲ್ಲಿ ವೈರ್ ಹಿಡಿದು ನಿಂತಾಗ "ಮೇನ್ ಆಫ್ ಆಗಿದೆಯಾ?" ಅಂತ ಪಕ್ಕದವರನ್ನು ಬಾಯಿಬಿಟ್ಟು ಕೇಳಬೇಕಲ್ಲ. ಅದನ್ನು ಮನುಷ್ಯರ ಹತ್ತಿರವೇ ಕೇಳಬೇಕು.

ಸಬ್‌ಸ್ಟೇಷನ್ ರಾತ್ರಿ ಪಾಳಿ

ಈ ಕೊನೆಯ ಮಾತಿಗೆ ನನ್ನ ಎರಡೂ ಕೈ ಎತ್ತುತ್ತೇನೆ. ನಮ್ಮ ಕೆಲಸದಲ್ಲಿ "ಲೈನ್ ಆಫ್ ಇದೆಯಾ?" ಅಂತ ಕೇಳೋಕೆ ನಾಚಿಕೊಂಡವರು ಮನೆಗೆ ವಾಪಸ್ ಹೋಗದೇ ಇರಬಹುದು. ಇಪ್ಪತ್ತು ವರ್ಷ ಆದವರೂ ಕೇಳಬೇಕು, ಕೇಳುತ್ತೇವೆ.

ಕರೆಂಟ್ ಹುಡುಗಿ

ಹನ್ನೆರಡು ದಿನ ಆಯಿತು. ನಡೆದದ್ದು ಹೇಳುತ್ತೇನೆ.

ಮೊದಲು ಎರಡು ಕಾಲಂ. ಈಗ ತೊಂಬತ್ತೊಂದು ಪದ ಆಗಿವೆ. ರೂಮಿನ ಇನ್ನಿಬ್ಬರೂ ಬರೆದುಕೊಳ್ಳುತ್ತಿದ್ದಾರೆ. ಅವರಿಗೂ ಇದೇ ಕಷ್ಟ ಇತ್ತಂತೆ, ನನಗೆ ಹೇಳಿರಲಿಲ್ಲ, ನಾನೂ ಅವರಿಗೆ ಹೇಳಿರಲಿಲ್ಲ.

ಅಜ್ಜಿ ಹೇಳಿದ ಸಿಟ್ಟಾಗದವರು ನಮ್ಮ ಲ್ಯಾಬಿನಲ್ಲಿ ಸಿಕ್ಕರು. ಇನ್‌ಸ್ಟ್ರಕ್ಟರ್ ಸರ್ ಹತ್ತಿರ ಹೋಗಿ ತೂಬಿನ ವಿಷಯ ಹೇಳಿ "ಸರ್, ಇದು ಸರಿನಾ?" ಅಂತ ತಿರುಗಿ ಕೇಳಿದೆ. ಅವರು ಮಾತಾಡಲಿಲ್ಲ. 12 ವೋಲ್ಟ್ ಸಪ್ಲೈಗೆ ಒಂದು ಕಿಲೋ ಓಮ್ ರೆಸಿಸ್ಟರ್ ಹಾಕಿ ಮೀಟರ್ ತೋರಿಸಿದರು. 12 ಮಿಲಿ ಆಂಪಿಯರ್ ಹತ್ತಿರ. ಅಂಥದೇ ಇನ್ನೊಂದನ್ನು ಕೈಗೆ ಕೊಟ್ಟು "ನೀನೇ ಹಾಕು" ಅಂದರು. ಪಕ್ಕದಲ್ಲಿ ಹಾಕಿದೆ. ಮುಳ್ಳು 24ರ ಹತ್ತಿರ ಹೋಯಿತು. ಇನ್ನೊಂದು ದಾರಿ! ಕಣ್ಣಲ್ಲೇ ಕಂಡಿತು.

ಕ್ಲಾಸಿನಲ್ಲಿ ಎರಡನೇ ಸಾಲಿಗೆ ಬಂದಿದ್ದೇನೆ. ಗುರುವಾರ ಸರ್ಕ್ಯೂಟಿನ ಒಂದು ಸುತ್ತಿನ (ಲೂಪ್) ಲೆಕ್ಕ ನಡೆಯುತ್ತಿದ್ದಾಗ ಕೇಳಿದೆ. ಕನ್ನಡದಲ್ಲೇ. "ಸರ್, ಲೂಪಿನ ಈ ಸ್ಟೆಪ್‌ವರೆಗೆ ಆಯಿತು. ಇಲ್ಲಿ ಬ್ಯಾಟರಿಗೆ ಮೈನಸ್ ಯಾಕೆ ಬಂತು?" ಧ್ವನಿ ನಡುಗಿತು. ಹಿಂದೆ ಯಾರೋ ನಕ್ಕರು. ಸರ್ ನಗಲಿಲ್ಲ. ಬೋರ್ಡ್ ಮೇಲೆ ಬಾಣ ಬರೆದು, ಬಾಣದ ಜೊತೆ ಹೋಗುವಾಗ ಬ್ಯಾಟರಿಯ ಯಾವ ತುದಿ ಮೊದಲು ಸಿಗುತ್ತದೆ ನೋಡು ಅಂದರು. ಎರಡೇ ವಾಕ್ಯ. ನಗು ಕೇಳಿಸಿತು, ಆದರೆ ಆ ಹೊತ್ತಿಗೆ ನಾನು ಬಾಣ ಬರೆದುಕೊಳ್ಳುತ್ತಿದ್ದೆ. ಬೆಲ್ ಆದ ಮೇಲೆ ಮೂವರು ಬಂದು ಆ ಬಾಣದ ಚಿತ್ರ ಕೇಳಿದರು. ಅದರಲ್ಲಿ ಒಬ್ಬ ಹಿಂದಿನ ಬೆಂಚಿನವನು.

ಭಯ ಹೋಗಿದೆಯಾ ಅಂದರೆ, ಇಲ್ಲ. ಇವತ್ತೂ ಎದೆ ಬಡಿದುಕೊಂಡಿತು. ಕೇಳಿದೆ ಅಷ್ಟೇ.

ಸಬ್‌ಸ್ಟೇಷನ್ ಸರ್, ಇನ್ನೊಂದು ಇದೆ. ಎಸಿಯಲ್ಲಿ (ದಿಕ್ಕು ಬದಲಾಯಿಸುತ್ತಲೇ ಇರೋ ಕರೆಂಟ್) ಕೆಪಾಸಿಟರ್ ಮೂಲಕ ಕರೆಂಟ್ ಹರಿಯುತ್ತದೆ ಅಂತ ಪುಸ್ತಕದಲ್ಲಿದೆ. ಒಳಗೆ ಎರಡು ಪ್ಲೇಟ್ ಒಂದಕ್ಕೊಂದು ತಾಗೋದೇ ಇಲ್ಲವಲ್ಲ. ಹಾಗಾದರೆ ಹರಿಯೋದು ಏನು?

ಸಬ್‌ಸ್ಟೇಷನ್ ರಾತ್ರಿ ಪಾಳಿ

ಭೇಷ್ ಮಗಳೇ! ಈಗ ಪಾಳಿಗೆ ಹೊರಟೆ, ಬೆಳಿಗ್ಗೆ ಬಂದು ಪೂರ್ತಿ ಬರೆಯುತ್ತೇನೆ. ಅಷ್ಟರಲ್ಲಿ ಒಂದು ಯೋಚಿಸಿ ಇಡು. ನೀರು ತುಂಬಿದ ಪೈಪಿನ ಮಧ್ಯದಲ್ಲಿ ಅಡ್ಡಕ್ಕೆ ಒಂದು ರಬ್ಬರ್ ಹಾಳೆ ಬಿಗಿದು ಕಟ್ಟಿದ್ದೇವೆ. ಒಂದು ಹನಿಯೂ ಆಚೆ ದಾಟಲ್ಲ. ಒಂದು ತುದಿಯಿಂದ ನೀರನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತಾ ಇದ್ದರೆ, ಇನ್ನೊಂದು ತುದಿಯಲ್ಲಿ ನೀರು ಏನು ಮಾಡುತ್ತದೆ?